ರೊಟ್ಟಿ ಹಂಚಿನ ಕೆಳಗೆ ಬ್ರೆಡ್

ನಮ್ಮ ಧಾರವಾಡದ ಮನೆಯಲ್ಲಿ ಓವನ್ ಇಲ್ಲ, ಬ್ರೆಡ್ಡಿನ ಟಿನ್ನೂ ಇಲ್ಲ. ಇರುವುದು ಹಿಟ್ಟು ನಾದುವ ಪರಾತ, ಕಬ್ಬಿಣದ ಹಂಚು, ಹಳೇ ಡಬರಿ. ಶ್ರಾವಣದ ಮಳೆ ಹಿಡಿದ ಒಂದು ಭಾನುವಾರ ಇಷ್ಟರಲ್ಲೇ ಬ್ರೆಡ್ ಮಾಡೋಣ ಅಂತ ನಾನೂ ಅವ್ವನೂ ಕೂತೆವು. ಈಸ್ಟ್ ಮಾತ್ರ ಸುಭಾಸ ರಸ್ತೆಯಿಂದ ತಂದಿದ್ದೆ.

ಕಾಲು ಕಿಲೋ ಮೈದಾ, ಚಹಾ ಚಮಚದಲ್ಲಿ ಒಂದೊಂದು ಚಮಚ ಉಪ್ಪು, ಸಕ್ಕರೆ, ಮುಕ್ಕಾಲು ಚಮಚ ಈಸ್ಟ್. ನೀರು 160 ಮಿ.ಲೀ. ಅವ್ವ ರೂಢಿಯಂತೆ ಎಸರು ಇಡಲು ಹೋದಳು. "ಬ್ಯಾಡ ಅವ್ವ, ಅಷ್ಟ್ ಬಿಸಿ ನೀರಿಗೆ ಈಸ್ಟ್ ಸತ್ತ ಹೋಗ್ತದ" ಎಂದೆ. ಸುಮಾರು 60 ಡಿಗ್ರಿಗೆ ಅದರ ಕಥೆ ಮುಗಿಯುತ್ತದೆ. ಜೋಳದ ಹಿಟ್ಟಿನಲ್ಲಿ ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ಜಿಗಿ ಬರಿಸುತ್ತೇವೆ. ಮೈದಾಕ್ಕೆ ಜಿಗಿ ಬರುವುದು ನಾದಿದಾಗ. ಅದನ್ನು ಅವ್ವನ ಕೈಗೆ ಯಾರೂ ಕಲಿಸಬೇಕಿರಲಿಲ್ಲ. ಚೂರು ಹಿಟ್ಟು ಎಳೆದರೆ ಹರಿಯದೆ ತೆಳ್ಳಗೆ ಹಿಗ್ಗುವವರೆಗೆ ನಾದಿದಳು.

ಮಳೆಯ ಥಂಡಿಗೆ ಹಿಟ್ಟು ಉಬ್ಬಲು ಎರಡು ತಾಸು ಹಿಡಿಯಿತು. ಹಿಡಿಯಲಿ. ನಿಧಾನ ಉಬ್ಬಿದ ಹಿಟ್ಟಿಗೆ ರುಚಿ ಜಾಸ್ತಿ. ಆಮೇಲೆ ಎಣ್ಣೆ ಸವರಿದ ಸ್ಟೀಲ್ ಡಬ್ಬಿಯಲ್ಲಿ ಅರ್ಧದಷ್ಟು ತುಂಬಿ, ಇನ್ನೊಮ್ಮೆ ಉಬ್ಬಲು ಬಿಟ್ಟೆವು.

ಡಬರಿಯ ತಳಕ್ಕೆ ಕಲ್ಲುಪ್ಪು ಹರವಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಚೆನ್ನಾಗಿ ಕಾಯಿಸಿದೆವು. ಆಮೇಲೆ ಹಿಟ್ಟಿನ ಡಬ್ಬಿಯನ್ನು ಸ್ಟ್ಯಾಂಡಿನ ಮೇಲಿಟ್ಟು ಮತ್ತೆ ಮುಚ್ಚಿದೆವು. ಉಪ್ಪು ಕಾವು ಹಿಡಿದಿಟ್ಟುಕೊಳ್ಳುತ್ತದೆ, ಬ್ರೆಡ್ಡಿನ ತಳ ಬೇಗ ಸೀಯುವುದಿಲ್ಲ. ಕಷ್ಟ ಇರುವುದು ಮೇಲ್ಭಾಗದ್ದು. ಗ್ಯಾಸಿನ ಉರಿ ಕೆಳಗಿನಿಂದಷ್ಟೇ ತಾನೆ? ಮುಚ್ಚಳದ ಒಳಗೆ ಹಬೆ ನಿಲ್ಲುತ್ತದೆ, ಬ್ರೆಡ್ ಬೇಯುತ್ತದೆ, ಆದರೆ ನೆತ್ತಿ ಇಡ್ಲಿಯಂತೆ ಬೆಳ್ಳಗೆ ಉಳಿಯುತ್ತದೆ. ಅರ್ಧ ತಾಸಾದ ಮೇಲೆ ತೆಗೆದು ನೋಡಿದರೆ ಹಾಗೇ ಇತ್ತು.

"ಮ್ಯಾಲಿಂದೂ ಕಾವು ಬೇಕಲ್ಲ? ಹಂಚ್ ಕಾಸಿ ಮುಚ್ಚು" ಎಂದಳು ಅವ್ವ.

ಇಡೀ ದಿನದಲ್ಲಿ ನನಗೆ ತುಂಬ ಇಷ್ಟವಾದ ಮಾತು ಇದು. ಪಕ್ಕದ ಒಲೆಯಲ್ಲಿ ರೊಟ್ಟಿ ಹಂಚು ಚುರುಚುರು ಅನ್ನುವಷ್ಟು ಕಾಯಿಸಿ, ಮುಚ್ಚಳದ ಬದಲು ಅದನ್ನೇ ಡಬರಿಯ ಮೇಲಿಟ್ಟೆವು. ಅಂಚಿನ ಸಂದಿನಿಂದ ಹಬೆ ಹೊರಗೆ ಹೋಯಿತು, ಒಳಗೆ ಒಣ ಕಾವು ನಿಂತಿತು. ಹಂಚು ಆರಿದ ಹಾಗೆ ಮತ್ತೆ ಕಾಯಿಸಿ ಇಟ್ಟೆವು. ಸ್ವಲ್ಪ ಹೊತ್ತಿಗೆ ನೆತ್ತಿ ಹೊಂಬಣ್ಣಕ್ಕೆ ತಿರುಗಿತು, ಅಡುಗೆಮನೆ ತುಂಬ ಘಮ.

ಡಬ್ಬಿಯಿಂದ ಬಿಡಿಸಿ ತಳಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಂತು. ಬಿಸಿಯಲ್ಲೇ ಕೊಯ್ದರೆ ಒಳಗೆ ಮುದ್ದೆಯಾಗುತ್ತದೆ ಅಂತ ಪೂರ್ತಿ ಆರುವವರೆಗೆ ಕಾದೆವು. ಆಮೇಲೆ ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ ತಿಂದೆವು. ಅಂಗಡಿಯ ಬ್ರೆಡ್ಡಿಗೆ ಈ ಗರಿಗರಿ ಅಂಚು ಎಲ್ಲಿಂದ ಬರಬೇಕು?

ಈಗ ಅವ್ವನಿಗೆ ಜವೆಗೋಧಿ ಹಿಟ್ಟು ಬೆರೆಸುವ ಆಸೆ. ಅದರ ಗ್ಲುಟೆನ್‌ಗೆ ಅಷ್ಟು ಕಸುವಿಲ್ಲ, ಪೂರ್ತಿ ಅದನ್ನೇ ಹಾಕಿದರೆ ಬ್ರೆಡ್ ಗಟ್ಟಿಯಾಗುತ್ತದೆ. ಸದ್ಯಕ್ಕೆ ಮೂರರಲ್ಲಿ ಒಂದು ಪಾಲು ಜವೆಗೋಧಿ, ಉಳಿದದ್ದು ಮೈದಾ ಅಂತ ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.