ಒಪ್ಪಿಗೆ ಕೇಳುವ ಮೊದಲೇ ಹೊರಟುಹೋಗಿದ್ದ ಮಾಹಿತಿ

ಬೆಂಗಳೂರಿನ ಒಂದು ಚಿಕ್ಕ ಸಂಸ್ಥೆಯಲ್ಲಿ ನಾನು ಜಾಲತಾಣಗಳನ್ನು ಕಟ್ಟುವ ಕೆಲಸ ಮಾಡುತ್ತೇನೆ. ನಾವು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯೊಂದರ ಜಾಲತಾಣದಲ್ಲಿ ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಪುಟವು ಮೊಬೈಲಿನಲ್ಲಿ ತೀರ ನಿಧಾನವಾಗಿ ತೆರೆದುಕೊಳ್ಳುತ್ತಿದೆ ಎಂಬ ದೂರು ಬಂದಾಗ, ಕಾರಣ ಹುಡುಕಲು ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ಪುಟವು ಯಾವ ಸರ್ವರ್‌ಗಳೊಂದಿಗೆ ಮಾತಾಡುತ್ತಿದೆ ಎಂಬುದನ್ನು ತೋರಿಸುವ ನೆಟ್‌ವರ್ಕ್ ವಿಭಾಗವನ್ನು ನೋಡುತ್ತ ಕುಳಿತೆ. ಪುಟದ ಕೆಳಭಾಗದಲ್ಲಿ ಕುಕಿಗಳಿಗೆ ಒಪ್ಪಿಗೆ ಕೇಳುವ ಬ್ಯಾನರ್ ಕಾಣಿಸುತ್ತಿತ್ತು. ನಾನಿನ್ನೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಆದರೂ ಅಷ್ಟರಲ್ಲಿ ಹೊರಗಿನ ನಾಲ್ಕು ಸರ್ವರ್‌ಗಳಿಗೆ ಮಾಹಿತಿ ಹೋಗಿಯಾಗಿತ್ತು. ಆ ಬ್ಯಾನರನ್ನು ಅಲ್ಲಿ ಅಳವಡಿಸಿದವನು ನಾನೇ. ಅದು ಪರದೆಯ ಮೇಲೆ ಸರಿಯಾಗಿ ಕಾಣಿಸುತ್ತದೆಯೇ ಎಂಬುದನ್ನು ಪರೀಕ್ಷಿಸಿದ್ದೆನೇ ಹೊರತು, ಅದರ ಉತ್ತರಕ್ಕಾಗಿ, ಪುಟದೊಳಗೆ ತಾವಾಗಿ ಓಡುವ ಚಿಕ್ಕ ಕೋಡುಗಳಾದ ಉಳಿದ ಸ್ಕ್ರಿಪ್ಟ್‌ಗಳು ಕಾಯುತ್ತವೆಯೇ ಎಂಬುದನ್ನು ಪರೀಕ್ಷಿಸಿರಲಿಲ್ಲ.

ಕುಕಿ ತಾನಾಗಿ ಕೆಟ್ಟದ್ದೇನೂ ಅಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಂದವರು ಯಾರೆಂಬುದನ್ನೇ ಮರೆತುಬಿಡುವುದು ಜಾಲದ ಮೂಲ ಸ್ವಭಾವ. ಅದಕ್ಕೆ ಪರಿಹಾರವಾಗಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ 1994ರಲ್ಲಿ ಕುಕಿಯನ್ನು ರೂಪಿಸಿದರು. ಸರ್ವರ್ ಒಂದು ಚಿಕ್ಕ ಗುರುತನ್ನು ಕೊಡುತ್ತದೆ, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಬಾರಿ ಹಿಂದಿರುಗಿಸುತ್ತದೆ. ಲಾಗಿನ್ ಆದವರು ಲಾಗಿನ್ ಆಗಿಯೇ ಉಳಿಯುವುದು ಇದರಿಂದಲೇ. ತೊಂದರೆ ಶುರುವಾಗುವುದು ಅದೇ ಪುಟದಲ್ಲಿ ಬೇರೊಬ್ಬರ ಸರ್ವರ್‌ನಿಂದ ಬರುವ ತುಣುಕು ಇದ್ದಾಗ. ಪಿಕ್ಸೆಲ್ ಎಂದು ಕರೆಯುವ ಕಣ್ಣಿಗೆ ಕಾಣದ ಚಿತ್ರವಾಗಲಿ, ನಾಲ್ಕು ಸಾಲಿನ ಸ್ಕ್ರಿಪ್ಟ್ ಆಗಲಿ, ಒಂದೇ ಜಾಹೀರಾತು ಕಂಪನಿಯದು ಸಾವಿರಾರು ಜಾಲತಾಣಗಳಲ್ಲಿ ಕುಳಿತಿದ್ದರೆ, ಅಲ್ಲೆಲ್ಲ ಓಡಾಡಿದ್ದು ಒಂದೇ ಬ್ರೌಸರ್ ಎಂಬುದನ್ನು ಅದು ಜೋಡಿಸಿಕೊಳ್ಳಬಲ್ಲದು.

ಆಸ್ಪತ್ರೆಯ ವಿಷಯದಲ್ಲಿ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಪುಟಗಳ ವಿಳಾಸ. ಯಾವ ವಿಭಾಗ ಎಂಬುದು ವಿಳಾಸದಲ್ಲಿಯೇ ಬರೆದಿರುವಂತೆ ನಾವು ಪುಟಗಳನ್ನು ರೂಪಿಸಿದ್ದೆವು: ಮನೋರೋಗ, ಬಂಜೆತನ ಚಿಕಿತ್ಸೆ, ಕ್ಯಾನ್ಸರ್. ಜಾಹೀರಾತು ಸ್ಕ್ರಿಪ್ಟ್ ಪುಟ ತೆರೆದ ಕೂಡಲೇ ಕಳಿಸುತ್ತಿದ್ದ ವಿವರಗಳಲ್ಲಿ ಆ ಪೂರ್ತಿ ವಿಳಾಸವೂ ಇತ್ತು, ಜೊತೆಗೆ ಬ್ರೌಸರಿನ ಗುರುತೂ ಇತ್ತು. ರೋಗಿಯ ಹೆಸರು ಹೋಗಿರಲಿಲ್ಲ ಎಂಬುದು ನಿಜ. ಆದರೆ ಅದೇ ಬ್ರೌಸರಿನಲ್ಲಿ ಆ ಕಂಪನಿಯ ಬೇರೆ ಸೇವೆಗೆ ಲಾಗಿನ್ ಆಗಿರುವವರ ಮಟ್ಟಿಗೆ, ಹೆಸರು ಹೋಗಿಲ್ಲ ಎಂಬ ಮಾತಿಗೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ.

ಇದನ್ನು ತಂಡದ ಮುಂದಿಟ್ಟಾಗ ಸಹೋದ್ಯೋಗಿಯೊಬ್ಬರು, ಹೊರಗಿನವರ ಕುಕಿಗಳನ್ನು ಈಗ ಬ್ರೌಸರ್‌ಗಳೇ ತಡೆಯುತ್ತವಲ್ಲ ಎಂದರು. ಸಫಾರಿ 2020ರಿಂದ ಅವನ್ನು ಪೂರ್ತಿಯಾಗಿ ತಡೆಯುತ್ತಿರುವುದು ಹೌದು; ಕ್ರೋಮ್‌ನಲ್ಲಿ ಅವನ್ನು ತೆಗೆದುಹಾಕುವುದಾಗಿ ಹೇಳಿದ್ದ ಗೂಗಲ್ ಮಾತ್ರ 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಆದರೆ ನಮ್ಮ ಪ್ರಕರಣಕ್ಕೆ ಆ ಚರ್ಚೆ ತಾಗುತ್ತಲೇ ಇರಲಿಲ್ಲ. ನಮ್ಮ ಪುಟದೊಳಗೆ ಓಡುವ ಸ್ಕ್ರಿಪ್ಟ್, ಅದು ಯಾರದೇ ಆಗಿರಲಿ, ಬ್ರೌಸರಿನ ದೃಷ್ಟಿಯಲ್ಲಿ ನಮ್ಮದೇ ಸ್ಕ್ರಿಪ್ಟ್. ಅದು ಇಡುವ ಕುಕಿ ಆಸ್ಪತ್ರೆಯ ಹೆಸರಿನಲ್ಲಿಯೇ ಕೂರುತ್ತದೆ, ಪುಟದ ಪೂರ್ತಿ ವಿಳಾಸವನ್ನು ಅದು ನೇರವಾಗಿ ಓದಿಕೊಳ್ಳುತ್ತದೆ. ಬಾಗಿಲು ತೆರೆದು ಒಳಗೆ ಕರೆದವರು ನಾವು.

ಆ ನಾಲ್ಕು ಸರ್ವರ್‌ಗಳಿಗೆ ಮಾಹಿತಿ ಕಳಿಸುತ್ತಿದ್ದ ನಾಲ್ಕು ಸ್ಕ್ರಿಪ್ಟ್‌ಗಳಲ್ಲಿ ಒಂದನ್ನು ಮಾತ್ರ ನಮ್ಮ ತಂಡ ಸೇರಿಸಿತ್ತು. ಉಳಿದವು ಟ್ಯಾಗ್ ಮ್ಯಾನೇಜರ್ ಮೂಲಕ ಬಂದಿದ್ದವು. ಮೂಲ ಕೋಡನ್ನು ಮುಟ್ಟದೆ ಹೊಸ ಸ್ಕ್ರಿಪ್ಟ್ ಸೇರಿಸಲು ಮಾರ್ಕೆಟಿಂಗ್‌ನವರಿಗೆ ಅನುಕೂಲವಾಗಲೆಂದು ಇರುವ ಸಾಧನ ಅದು. ಕೋಡಿನ ಒಂದು ಸಾಲು ಬದಲಾದರೂ ಇಬ್ಬರು ನೋಡಿ ಒಪ್ಪಬೇಕೆಂಬ ನಿಯಮ ನಮ್ಮಲ್ಲಿತ್ತು. ಈ ದಾರಿಯಲ್ಲಿ ಬರುವುದನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಪ್ರತಿಯೊಂದನ್ನೂ ಹಿಡಿದು, ಇದು ತರುವ ಅಂಕಿ ಅಂಶಗಳನ್ನು ಓದುವವರು ಯಾರು ಎಂದು ವಿಚಾರಿಸಿದೆ. ಎರಡಕ್ಕೆ ಓದುಗರೇ ಇರಲಿಲ್ಲ. ಯಾವಾಗಲೋ ಮುಗಿದುಹೋದ ಪ್ರಚಾರಕ್ಕಾಗಿ ಸೇರಿಸಿದ್ದವು, ಅಂದಿನಿಂದ ಸುಮ್ಮನೆ ಕಳಿಸುತ್ತಲೇ ಇದ್ದವು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ನೋವು ತಂದ ಸಂಗತಿ ಇದು.

ಅಂದಿನಿಂದ ಯಾವ ಜಾಲತಾಣವನ್ನಾದರೂ ಹಸ್ತಾಂತರಿಸುವ ಮೊದಲು ಒಂದು ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ. ಹೊಸ ಖಾಸಗಿ ಕಿಟಕಿಯಲ್ಲಿ ಪುಟವನ್ನು ತೆರೆದು, ಏನನ್ನೂ ಮುಟ್ಟದೆ, ಹೊರಹೋದ ಕೋರಿಕೆಗಳನ್ನೂ ಕೂತ ಕುಕಿಗಳನ್ನೂ ಬರೆದುಕೊಳ್ಳುತ್ತೇನೆ. ಮತ್ತೆ ಹೊಸದಾಗಿ ತೆರೆದು ನಿರಾಕರಿಸಿ ನೋಡುತ್ತೇನೆ, ಇನ್ನೊಮ್ಮೆ ಒಪ್ಪಿ ನೋಡುತ್ತೇನೆ, ಕೊನೆಗೆ ಒಪ್ಪಿದ್ದನ್ನು ಹಿಂತೆಗೆದುಕೊಂಡು ನೋಡುತ್ತೇನೆ. ಬ್ರೌಸರಿನಲ್ಲಿ ಜಾಲತಾಣಗಳು ಮಾಹಿತಿ ಇಟ್ಟುಕೊಳ್ಳುವ ಇನ್ನೊಂದು ಜಾಗವಾದ ಲೋಕಲ್ ಸ್ಟೋರೇಜನ್ನೂ ತೆರೆದು ನೋಡಬೇಕು. ಕುಕಿಗೆ ಅವಧಿಯೆಂಬುದು ಇರುತ್ತದೆ, ಅಲ್ಲಿಟ್ಟ ಗುರುತಿಗೆ ಅದೂ ಇರುವುದಿಲ್ಲ.

ಇಂತಹ ಬ್ಯಾನರ್‌ಗಳು ಹರಡಿದ್ದು ಯುರೋಪಿನ ಕಾನೂನಿನಿಂದ. ಮೊದಲೇ ಗುರುತು ಹಾಕಿಟ್ಟ ಚೌಕವು ಒಪ್ಪಿಗೆಯಾಗುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಹೇಳಿತು. ಆದರೆ ಇದು ನಮ್ಮದಲ್ಲದ ಚಿಂತೆ ಎನ್ನುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಜನರಿಗೆ ಇರಬೇಕೆನ್ನುತ್ತದೆ. ಆ ಅನುಸೂಚಿಯಲ್ಲಿ ಕನ್ನಡವೂ ಇದೆ.

ಹಾಗಾಗಿ ನಮ್ಮ ಬ್ಯಾನರನ್ನು ಕನ್ನಡದಲ್ಲಿ ಬರೆಯಲು ಕುಳಿತೆ. ಇಂಗ್ಲಿಷಿನಲ್ಲಿ ಇದ್ದದ್ದು, ನಿಮ್ಮ ಅನುಭವವನ್ನು ಉತ್ತಮಗೊಳಿಸಲು ಕುಕಿಗಳನ್ನು ಬಳಸುತ್ತೇವೆ ಎಂಬ ಮಾತು. ಅದನ್ನು ಹಾಗೆಯೇ ಕನ್ನಡಕ್ಕೆ ತಂದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದನ್ನು ಬಿಟ್ಟು, ನಡೆಯುತ್ತಿರುವುದನ್ನೇ ಬರೆದೆ: 'ನೀವು ಯಾವ ವಿಭಾಗದ ಪುಟವನ್ನು ನೋಡಿದಿರಿ ಎಂಬುದನ್ನು ಜಾಹೀರಾತು ಕಂಪನಿಗೆ ತಿಳಿಸಬಹುದೇ?' ಆಸ್ಪತ್ರೆಯ ಆಡಳಿತಾಧಿಕಾರಿಯವರಿಗೆ ತೋರಿಸಿದಾಗ ಅವರು ಎರಡು ಬಾರಿ ಓದಿ, "ಇದನ್ನು ನಮ್ಮ ರೋಗಿಗಳ ಹತ್ತಿರ ಕೇಳೋದಾದರೂ ಹೇಗೆ ಸರ್? ತೆಗೆದುಬಿಡಿ" ಎಂದರು. ಅವರು ತೆಗೆಯಲು ಹೇಳಿದ್ದು ವಾಕ್ಯವನ್ನಲ್ಲ, ಸ್ಕ್ರಿಪ್ಟನ್ನು. ಅದೇ ಸಂಜೆ ತೆಗೆದೆವು, ವಿಳಾಸಗಳಲ್ಲಿದ್ದ ವಿಭಾಗದ ಹೆಸರುಗಳ ಜಾಗದಲ್ಲಿ ಸಂಖ್ಯೆಗಳನ್ನಿಟ್ಟೆವು. ಈಗ ಆ ಪುಟದಲ್ಲಿ ಉಳಿದಿರುವುದು ಒಂದೇ ಕುಕಿ, ಭೇಟಿಯ ಸಮಯ ಕಾಯ್ದಿರಿಸುವವರೆಗೆ ರೋಗಿಯನ್ನು ನೆನಪಿಟ್ಟುಕೊಳ್ಳುವುದಕ್ಕೆ.