ಸ್ಯಾಂಪಲ್ ಕಾಫಿ ಹಿಡಿದು ಮುಂಬೈಗೆ: ಸಣ್ಣ ಬೆಳೆಗಾರರ ಗುಂಪುಗಳಿಗೆ ಒಂದು ಪ್ರವಾಸದ ಅನುಭವ

ಮೂಡಿಗೆರೆಯ ಆಸುಪಾಸಿನ ನಾವು ಹದಿನಾಲ್ಕು ಮಂದಿ ಬೆಳೆಗಾರರು ಎರಡು ವರ್ಷಗಳ ಹಿಂದೆ ಒಂದು ಗುಂಪು ಕಟ್ಟಿಕೊಂಡೆವು. ನಮ್ಮಲ್ಲಿ ಯಾರಿಗೂ ಐದು ಎಕರೆಗಿಂತ ಹೆಚ್ಚಿನ ತೋಟವಿಲ್ಲ. ಹಣ್ಣನ್ನೆಲ್ಲ ಸಿಪ್ಪೆ ಬಿಡಿಸುವ ಒಂದೇ ಯಂತ್ರಕ್ಕೆ (ಪಲ್ಪರ್) ಹಾಕಿ, ಒಂದೇ ಕಣದಲ್ಲಿ ಒಣಗಿಸಿ, ಒಂದೇ ಲಾಟ್ ಆಗಿ ಮಾರಿದರೆ ಊರಿನ ವ್ಯಾಪಾರಿಯ ಗೋದಾಮಿನಾಚೆಗೂ ನಮ್ಮ ಕಾಫಿಗೆ ದಾರಿ ಸಿಕ್ಕೀತೇ ಎಂಬುದನ್ನು ನೋಡುವುದು ನಮ್ಮ ಉದ್ದೇಶವಾಗಿತ್ತು. ಅದಕ್ಕಾಗಿ ಫೆಬ್ರವರಿ ತಿಂಗಳ ಕೊನೆಯ ವಾರದಲ್ಲಿ ನಾವು ಮೂವರು ಸ್ಯಾಂಪಲ್ ಹಿಡಿದುಕೊಂಡು ಮುಂಬೈಗೆ ಹೋಗಿ, ಕಾಫಿಯನ್ನು ಹುರಿದು ಮಾರುವ ಕೆಲವರನ್ನು ಕಂಡು, ಐದು ದಿನ ಇದ್ದು ಬಂದೆವು. ಇಂಥದೇ ಯೋಚನೆಯಲ್ಲಿರುವ ಬೇರೆ ಗುಂಪುಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರು ಹತ್ತಿರವಿರುವಾಗ ಮುಂಬೈ ಏಕೆ ಎಂದು ಮನೆಯಲ್ಲಿಯೇ ಕೇಳಿದರು. ಮಾಟುಂಗಾದಲ್ಲಿ ನನ್ನ ಸೋದರಮಾವನವರು ನಲವತ್ತು ವರ್ಷಗಳಿಂದ ಇರುವುದರಿಂದ ಉಳಿಯಲು ಜಾಗವಿತ್ತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಆ ನಗರಕ್ಕೆ ಕಾಫಿಯೊಡನೆ ಹಳೆಯ ನಂಟಿದೆ ಮತ್ತು ಅಲ್ಲಿ ಈಗ ಹೊಸ ರೋಸ್ಟರ್‌ಗಳೂ, ಅಂದರೆ ಕಾಫಿ ಹುರಿದು ಮಾರುವವರೂ, ಇದ್ದಾರೆ. ದೇಶದ ಮೊದಲ ಇಂಡಿಯಾ ಕಾಫಿ ಹೌಸ್ 1936ರಲ್ಲಿ ತೆರೆದದ್ದು ಮುಂಬೈಯ ಚರ್ಚ್‌ಗೇಟ್‌ನಲ್ಲಿ. ಸರ್ಕಾರದ ಕಾಫಿ ಬೋರ್ಡು ಮುಂದೆ ಆ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, 1957ರಿಂದ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಅವುಗಳನ್ನು ಉಳಿಸಿಕೊಂಡರು. ಕಾಫಿ ಬಡಿಸುವವರು ಸಂಘ ಕಟ್ಟಿ ನಿಲ್ಲಬಹುದಾದರೆ ಬೆಳೆಯುವವರಿಗೂ ಅದು ಸಾಧ್ಯವೆಂದು ನಾನು ನಂಬಿದ್ದೇನೆ.

ಹೋಗುವ ಕಾಲದ ವಿಷಯದಲ್ಲಿ ಎಚ್ಚರವಿರಲಿ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ನಡೆಯುತ್ತದೆ. ಪಾರ್ಚ್‌ಮೆಂಟ್, ಅಂದರೆ ಹೊರಪೊರೆಯಿರುವ ಬೀಜ, ಒಣಗಿ, ಕೆಲವು ವಾರ ಚೀಲದಲ್ಲಿ ವಿಶ್ರಾಂತಿ ಪಡೆದ ಮೇಲೆ ಅದರ ನಿಜವಾದ ರುಚಿ ತಿಳಿಯುತ್ತದೆ. ಆದ್ದರಿಂದ ಫೆಬ್ರವರಿ ಕೊನೆ ಅಥವಾ ಮಾರ್ಚ್ ಸೂಕ್ತ. ಜೂನಿನ ನಂತರ ಚಾರ್ಮಾಡಿ ಘಾಟಿಯನ್ನು ನಂಬುವಂತಿಲ್ಲ, ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿಯೂ ಬೇರೆಯಾಗಿರುತ್ತದೆ, ಮೇಲಾಗಿ ಮುಂಬೈಯ ಆ ತೇವದಲ್ಲಿ ಸ್ಯಾಂಪಲ್ ಕೆಡುತ್ತದೆ.

ಪ್ರತಿ ಲಾಟಿನಿಂದ ಸಿಪ್ಪೆ ತೆಗೆದ, ಹುರಿಯದ ಬೀಜ ಕನಿಷ್ಠ ಅರ್ಧ ಕಿಲೊ ಬೇಕು. ದೋಷವಿರುವ ಬೀಜಗಳನ್ನು ಎಣಿಸುವ ಪರೀಕ್ಷೆಯೊಂದಕ್ಕೇ 350 ಗ್ರಾಂ ಬೇಕಾಗುತ್ತದೆ. ಬೀಜದ ತೇವಾಂಶ ಶೇಕಡಾ 10ರಿಂದ 12ರ ನಡುವೆ ಇರಬೇಕು. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ತಳಿ, ತೋಟದ ಎತ್ತರ, ಕೊಯ್ದ ವಾರ, ಸಂಸ್ಕರಣೆಯ ವಿಧಾನ, ಆ ಲಾಟಿನಲ್ಲಿ ಒಟ್ಟು ಎಷ್ಟು ಕಿಲೊ ಇದೆ ಎಂಬ ವಿವರಗಳನ್ನು ಮೇಲೆ ಬರೆದು ಅಂಟಿಸಬೇಕು. ನಾವು ಎಸ್. 795 ತಳಿಯ ಎರಡು ಲಾಟ್ ಮತ್ತು ಚಂದ್ರಗಿರಿ ತಳಿಯ ಒಂದು ಲಾಟ್ ಒಯ್ದಿದ್ದೆವು. ಅದರಲ್ಲಿ ಒಂದನ್ನು ನಮ್ಮ ತಪ್ಪಿನಿಂದಲೇ ಕಳೆದುಕೊಂಡೆವು. ಸಾಮಾನ್ಯ ಬಟ್ಟೆಯ ಚೀಲದಲ್ಲಿದ್ದ ಆ ಸ್ಯಾಂಪಲ್ಲನ್ನು, ಮಾವನವರ ಮನೆಗೆಂದು ಮಂಗಳೂರಿನಲ್ಲಿ ಕೊಂಡ ಒಣಮೀನಿನ ಪೊಟ್ಟಣದ ಪಕ್ಕದಲ್ಲಿ ಇಟ್ಟಿದ್ದೆವು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುತ್ತದೆಂಬುದು ಗೊತ್ತಿದ್ದೂ ಹೀಗಾಯಿತು. ಆ ಲಾಟನ್ನು ಯಾರಿಗೂ ತೋರಿಸಲಾಗಲಿಲ್ಲ. ಸಾಧ್ಯವಾದರೆ ಸ್ಯಾಂಪಲ್ಲನ್ನು ಒಂದು ವಾರ ಮೊದಲೇ ಕೊರಿಯರ್‌ನಲ್ಲಿ ಕಳುಹಿಸಿ, ಇನ್ನೊಂದು ಜೊತೆಯನ್ನು ಮಾತ್ರ ಕೈಯಲ್ಲಿ ಒಯ್ಯಿರಿ.

ಮಂಗಳೂರು ಸೆಂಟ್ರಲ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮರುದಿನ ಬೆಳಗ್ಗೆ ಲೋಕಮಾನ್ಯ ತಿಲಕ್ ಟರ್ಮಿನಸ್ ತಲುಪಿಸುತ್ತದೆ. ಅಲ್ಲಿಂದ ಕುರ್ಲಾಕ್ಕೆ ಆಟೊದಲ್ಲಿ ಹೋಗಿ, ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹತ್ತಿದರೆ ಸಯಾನ್ ಆದ ಮೇಲೆ ಮಾಟುಂಗಾ. ಮಾಟುಂಗಾ ಎಂಬುದು ಸೆಂಟ್ರಲ್ ಲೈನಿನ ನಿಲ್ದಾಣ, ಮಾಟುಂಗಾ ರೋಡ್ ಎಂಬುದು ವೆಸ್ಟರ್ನ್ ಲೈನಿನದು, ಕಿಂಗ್ಸ್ ಸರ್ಕಲ್ ಹಾರ್ಬರ್ ಲೈನಿನದು ಎಂಬ ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡರೆ ಅಲೆದಾಟ ತಪ್ಪುತ್ತದೆ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಚೀಲ ಹಿಡಿದು ಲೋಕಲ್ ಹತ್ತುವ ಸಾಹಸ ಬೇಡ. ಭಾನುವಾರಗಳಂದು ದುರಸ್ತಿಗಾಗಿ ರೈಲುಗಳನ್ನು ಹಲವು ಗಂಟೆ ತಡೆಯುವುದುಂಟು, ಆ ದಿನ ಭೇಟಿಗಳನ್ನು ಇಟ್ಟುಕೊಳ್ಳಬೇಡಿ.

ಮೊದಲ ದಿನವನ್ನು ಮಾಟುಂಗಾದಲ್ಲಿಯೇ ಕಳೆಯಿರಿ ಎಂಬುದು ನನ್ನ ಸಲಹೆ. ಮೈಸೂರು ಅಸೋಸಿಯೇಷನ್ ಇರುವ, 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ಇರುವ ಈ ಬಡಾವಣೆಯಲ್ಲಿ ಕನ್ನಡ ಮಾತಾಡಿಕೊಂಡು ದಿನ ಕಳೆಯಬಹುದು. ಆದರೆ ನಾನು ಹಾಗೆ ಹೇಳುವುದಕ್ಕೆ ಕಾರಣ ಊಟವಲ್ಲ, ಇಲ್ಲಿನ ಕಾಫಿಪುಡಿಯ ಅಂಗಡಿಗಳು. ಗಿರಾಕಿಯ ಮುಂದೆಯೇ ಪುಡಿ ಮಾಡಿ ಕೊಡುವ ಈ ಅಂಗಡಿಗಳಲ್ಲಿ ಪೀಬೆರಿ, ಪ್ಲಾಂಟೇಶನ್ ಎ ಎಂಬ ಬೀಜದ ದರ್ಜೆಗಳು ಎಷ್ಟು, ಚಿಕೋರಿ ಬೇರಿನ ಪುಡಿ ಎಷ್ಟು ಪಾಲು ಎಂಬ ಮಾತು ನಡೆಯುತ್ತದೆಯೇ ಹೊರತು ಬೆಳೆದವರ ಮಾತು ಬರುವುದಿಲ್ಲ. ನಾವು ಹೋದ ಅಂಗಡಿಯ ಹಿರಿಯರು ಬಹಳ ಪ್ರೀತಿಯಿಂದ ಮಾತಾಡಿಸಿದರು. “ಚಿಕ್ಕಮಗಳೂರಿನದು, ಅಷ್ಟು ನನಗೆ ಗೊತ್ತು. ಅದರ ಹಿಂದೆ ಯಾವ ತೋಟ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ನೋಡಿ” ಎಂದರು. ಬೀಜದ ಪೊರೆ ತೆಗೆದು ವಿಂಗಡಿಸುವ ಕಾರ್ಖಾನೆಯಾದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನೂರಾರು ಜನರ ಬೀಜ ಗಾತ್ರದ ಪ್ರಕಾರ ವಿಂಗಡಣೆಯಾಗಿ ಒಂದಾಗುವಾಗಲೇ ಬೆಳೆದವರ ಗುರುತು ಅಳಿಸಿಹೋಗಿರುತ್ತದೆ. ಹಳೆಯ ಕ್ರಮವೇನೆಂದು ಇಲ್ಲಿ ನೋಡಿಕೊಂಡರೆ, ಹೊಸ ರೋಸ್ಟರ್‌ಗಳು ತಾವು ಬೇರೆಯೆಂದು ಹೇಳುವಾಗ ಎಷ್ಟು ಬೇರೆ ಎಂದು ಅಳೆಯಲು ಬರುತ್ತದೆ.

ಹೊಸಬರನ್ನು ನೋಡಲು ಮಹಾಲಕ್ಷ್ಮಿ ನಿಲ್ದಾಣದಿಂದ ನಡೆದು ಹೋಗಬಹುದಾದ ಲಕ್ಷ್ಮಿ ಮಿಲ್ಸ್ ಆವರಣದಲ್ಲಿ ಬ್ಲೂ ಟೋಕಾಯ್, ಬಾಂದ್ರಾ ಮತ್ತು ಬೈಕಲಾದಲ್ಲಿ ಸಬ್ಕೊ, ಕೊಲಾಬಾದಲ್ಲಿ ಅರಕು ಕಾಫಿಯ ಕೆಫೆ ಇವೆ. ಅಲ್ಲಿ ಯಾರೊಡನೆ ಮಾತಾಡುವುದಕ್ಕೂ ಮೊದಲು ಗಿರಾಕಿಗಳಂತೆ ಕುಳಿತು ಕಾಫಿ ಕುಡಿದು, ಕಪಾಟಿನಲ್ಲಿರುವ ಪೊಟ್ಟಣಗಳನ್ನು ನಿಧಾನವಾಗಿ ಓದಿ. ನಮಗೆ ಅತ್ಯಂತ ಉಪಯೋಗವಾದ ಕೆಲಸ ಇದೇ. ಹೊಸ ರೋಸ್ಟರ್‌ಗಳ ಪೊಟ್ಟಣದ ಮೇಲೆ ಎಸ್ಟೇಟಿನ ಹೆಸರು, ತಳಿ, ಎತ್ತರ, ಸಂಸ್ಕರಣೆ ಎಲ್ಲವೂ ಇರುತ್ತದೆ. ಇದು ದೊಡ್ಡ ಸುಧಾರಣೆಯೆಂದು ನಾನು ಒಪ್ಪುತ್ತೇನೆ. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 10 ಹೆಕ್ಟೇರ್‌ಗಿಂತ ಚಿಕ್ಕವು. ಎಸ್ಟೇಟಿನ ಹೆಸರು ಕಾಣಿಸುವಷ್ಟು ಸುಲಭವಾಗಿ ಈ ಸಣ್ಣವರ ಹೆಸರು ಪೊಟ್ಟಣದ ಮೇಲೆ ಬರಲಾರದು, ಏಕೆಂದರೆ ಒಬ್ಬರ ಮೂರು ಚೀಲಕ್ಕೆ ಯಾರೂ ಬೇರೆ ಲೇಬಲ್ ಮುದ್ರಿಸುವುದಿಲ್ಲ. ಗುಂಪಿನ ಹೆಸರು ಮಾತ್ರ ಬರಬಹುದು. ಅರಕು ಕಾಫಿ ಇದಕ್ಕೆ ಒಳ್ಳೆಯ ಉದಾಹರಣೆ. ಆಂಧ್ರದ ಅರಕು ಕಣಿವೆಯ ಸಾವಿರಾರು ಆದಿವಾಸಿ ಕುಟುಂಬಗಳು ನಾಂದಿ ಫೌಂಡೇಶನ್ನಿನ ನೆರವಿನಿಂದ ಸಹಕಾರಿ ಸಂಘವಾಗಿ ಸೇರಿ, ಮಾಗಿದ ಹಣ್ಣನ್ನಷ್ಟೇ ಕೊಯ್ದು ಕೊಟ್ಟು, ಒಂದೇ ಕಡೆ ಸಂಸ್ಕರಿಸಿದ್ದರಿಂದಲೇ ಅವರ ಕಾಫಿಗೆ 2017ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬೆಳೆಗಾರರ ಕಾಫಿಯನ್ನು ಬೆಂಗಳೂರಿನ ಬ್ಲ್ಯಾಕ್ ಬಾಜಾ ಎಂಬ ಕಾಫಿ ಕಂಪನಿ ಕೊಳ್ಳುತ್ತದೆ. ಇಂಥ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ ನಮ್ಮ ಹದಿನಾಲ್ಕು ಮಂದಿಯ ಕೆಲಸ ಚಿಕ್ಕದೆಂದು ನನಗೆ ಅನ್ನಿಸಲಿಲ್ಲ.

ಮಾತುಕತೆಗೆ ಕೂರುವ ಮೊದಲು ಫೇರ್‌ಟ್ರೇಡ್ (ನ್ಯಾಯಯುತ ವ್ಯಾಪಾರ) ಎಂಬ ಪದದ ಅರ್ಥ ಗುಂಪಿನ ಎಲ್ಲರಿಗೂ ತಿಳಿದಿರಬೇಕು, ಏಕೆಂದರೆ ಮುಂಬೈಯಲ್ಲಿ ಈ ಪದವನ್ನು ಬಹಳ ಸಡಿಲವಾಗಿ ಬಳಸುತ್ತಾರೆ. 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೆಕ್ಸಿಕೋದ ಸಣ್ಣ ಬೆಳೆಗಾರರ ಸಹಕಾರ ಸಂಘವೊಂದರ ಕಾಫಿಯ ಮೇಲೆ ಮೊದಲು ಬಂದ ಮುದ್ರೆಯಿಂದ ಬೆಳೆದದ್ದು ಈ ವ್ಯವಸ್ಥೆ. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್‌ನ ನಿಯಮದಲ್ಲಿ ಕಾಫಿಗೆ ಈ ಮುದ್ರೆ ಸಿಗುವುದು ಸಣ್ಣ ಬೆಳೆಗಾರರ ಸಂಘಟನೆಗಳಿಗೆ ಮಾತ್ರ, ಎಸ್ಟೇಟುಗಳಿಗೆ ಸಿಗುವುದಿಲ್ಲ. 2023ರ ಆಗಸ್ಟಿನಲ್ಲಿ, ತಿರುಳು ತೆಗೆದು ತೊಳೆದ ಅರೇಬಿಕಾಕ್ಕೆ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್ ಎಂದು ನಿಗದಿಯಾಯಿತು, ಅಂದರೆ ಕಿಲೊಗೆ ಸುಮಾರು 4 ಡಾಲರ್. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮಾರುಕಟ್ಟೆಯ ಬೆಲೆಯನ್ನೇ ಕೊಡಬೇಕು. ಇದರ ಮೇಲೆ ಪೌಂಡಿಗೆ 20 ಸೆಂಟ್ ಹೆಚ್ಚುವರಿ ಹಣ (ಪ್ರೀಮಿಯಂ) ಸಂಘಕ್ಕೆ ಬರುತ್ತದೆ. ಅದನ್ನು ಹೇಗೆ ಖರ್ಚು ಮಾಡಬೇಕೆಂದು ಸದಸ್ಯರ ಮಹಾಸಭೆ ತೀರ್ಮಾನಿಸಬೇಕು, ಅದರಲ್ಲಿ 5 ಸೆಂಟ್ ಗುಣಮಟ್ಟ ಮತ್ತು ಇಳುವರಿಯ ಸುಧಾರಣೆಗೆ ಮೀಸಲು. ಸಂಘ ಕೇಳಿದರೆ ಒಪ್ಪಂದದ ಮೌಲ್ಯದ ಶೇಕಡಾ 60ರವರೆಗೆ ಮುಂಗಡ ದೊರೆಯುವ ಅವಕಾಶವೂ ಇದೆ.

2025ರ ಫೆಬ್ರವರಿಯಲ್ಲಿ ಅರೇಬಿಕಾದ ನ್ಯೂಯಾರ್ಕ್ ಮಾರುಕಟ್ಟೆ ಬೆಲೆ ಪೌಂಡಿಗೆ 4 ಡಾಲರ್ ದಾಟಿದ್ದನ್ನು ಕಂಡವರಿಗೆ 1.80 ಡಾಲರಿನ ಭರವಸೆ ಯಾವ ಲೆಕ್ಕ ಎನಿಸಬಹುದು. ಆದರೆ 2018 ಮತ್ತು 2019ರಲ್ಲಿ ಅದೇ ಬೆಲೆ 1 ಡಾಲರಿಗಿಂತ ಕೆಳಗಿಳಿದಿತ್ತು, 2001ರಲ್ಲಿ 50 ಸೆಂಟಿಗೂ ಕೆಳಗೆ ಹೋಗಿತ್ತು. ಆ ವರ್ಷ ನಮ್ಮ ತಂದೆ ಕೊಯ್ಲಿನ ಕೂಲಿ ಕೊಡಲು ತಾಯಿಯ ಬಳೆಗಳನ್ನು ಅಡವಿಟ್ಟಿದ್ದರು. ಕನಿಷ್ಠ ಬೆಲೆ ಇರುವುದು ಅಂಥ ವರ್ಷಕ್ಕಾಗಿ, ಮತ್ತು ಒಳ್ಳೆಯ ಬೆಲೆ ಇರುವಾಗಲೇ ಅದರ ಬಗ್ಗೆ ಮಾತಾಡಿಕೊಳ್ಳಬೇಕು.

ನಾವು ಕಂಡ ರೋಸ್ಟರ್‌ಗಳಲ್ಲಿ ಹೆಚ್ಚಿನವರು ಈ ಮುದ್ರೆಯಿಲ್ಲದೆ, ಬೆಳೆಗಾರರಿಂದ ನೇರವಾಗಿ ಕೊಳ್ಳುತ್ತೇವೆ ಎನ್ನುವವರು. ನೇರ ಖರೀದಿಯಲ್ಲಿ ಬೆಲೆ ಹೆಚ್ಚು ಸಿಗಬಹುದು, ಆದರೆ ಮೂರನೆಯವರ ತಪಾಸಣೆ ಇಲ್ಲದ್ದರಿಂದ ಎಲ್ಲವೂ ಇಬ್ಬರ ನಡುವಿನ ಮಾತಿನ ಮೇಲೆ ನಿಂತಿರುತ್ತದೆ. ಹೀಗಾಗಿ ಬೆಲೆಯ ಮಾತಿಗೆ ಮೊದಲು ನಾವು ನಾಲ್ಕು ವಿಷಯ ಕೇಳುತ್ತಿದ್ದೆವು. ಹೋದ ವರ್ಷ ಕೊಂಡ ಗುಂಪಿನಿಂದಲೇ ಈ ವರ್ಷವೂ ಕೊಂಡಿದ್ದೀರಾ? ಬೀಜ ತಲುಪಿದ ಎಷ್ಟು ದಿನಕ್ಕೆ ಹಣ ಬರುತ್ತದೆ? ರುಚಿ ಪರೀಕ್ಷೆಯಲ್ಲಿ ಅಂಕ ಎರಡು ಕಡಿಮೆ ಬಂದ ವರ್ಷವೂ ಕೊಳ್ಳುತ್ತೀರಾ? ಪೊಟ್ಟಣದ ಮೇಲೆ ನಮ್ಮ ಗುಂಪಿನ ಹೆಸರು ಇರುತ್ತದೆಯೇ? ಒಬ್ಬರು ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ, ಆ ಕಾಫಿಯನ್ನು ಹಾಲು ಬೆರೆಸಿ ಕುಡಿಯುವ ಕಾಫಿಯ ಮಿಶ್ರಣಕ್ಕೆ ಕಡಿಮೆ ಬೆಲೆಗೆ ಕೊಳ್ಳುತ್ತೇವೆ, ಬಿಟ್ಟುಬಿಡುವುದಿಲ್ಲ ಎಂದರು. ನನಗೆ ಎಲ್ಲಕ್ಕಿಂತ ಹಿಡಿಸಿದ ಉತ್ತರ ಅದು. ಇನ್ನೊಬ್ಬರು ಕಿಲೊಗೆ ಎಲ್ಲರಿಗಿಂತ ಹೆಚ್ಚಿನ ದರ ಹೇಳಿ, ಹಣವನ್ನು ತೊಂಬತ್ತು ದಿನದ ಮೇಲೆ ಕೊಡುವುದಾಗಿ ಹೇಳಿದರು. ವಾರಕ್ಕೊಮ್ಮೆ ಕೂಲಿ ಬಟವಾಡೆ ಮಾಡಬೇಕಾದ ಸಣ್ಣ ತೋಟದವರಿಗೆ ಆ ದರ ಕಾಗದದ ಮೇಲಷ್ಟೇ ದೊಡ್ಡದು. ಮತ್ತೊಂದು ಕಡೆ ಎರಡೂ ಸ್ಯಾಂಪಲ್ ಇಟ್ಟುಕೊಂಡು ಮುಂದೆ ಯಾವ ಉತ್ತರವನ್ನೂ ಕೊಡಲಿಲ್ಲ. ಸ್ಯಾಂಪಲ್ ಕೊಡುವಾಗಲೇ ರುಚಿನೋಟದ ವರದಿ ಯಾವ ದಿನ ಸಿಗುತ್ತದೆಂದು ಬರೆಸಿಕೊಳ್ಳಿ.

ರುಚಿನೋಟ ಅಂದರೆ ಕಪ್ಪಿಂಗ್‌ಗೆ ಕೂರಲು ಅವಕಾಶ ಕೇಳಿ, ಖಂಡಿತ ಕೂರಿರಿ. ಸ್ಯಾಂಪಲ್ಲನ್ನು ಹಿಂದಿನ ದಿನ ಹುರಿದಿಡಬೇಕಾದ್ದರಿಂದ ಕೊಟ್ಟ ದಿನವೇ ಇದು ಆಗುವುದಿಲ್ಲ. ನಾವು ಮಂಗಳವಾರ ಕೊಟ್ಟು ಗುರುವಾರ ಹೋದೆವು. 8.25 ಗ್ರಾಂ ಪುಡಿಗೆ 150 ಮಿಲಿಲೀಟರ್ ಬಿಸಿನೀರು ಹೊಯ್ದು, ನಾಲ್ಕು ನಿಮಿಷದ ಮೇಲೆ ಚಮಚದಿಂದ ಕೆನೆಯಂಥ ಪದರವನ್ನು ಒಡೆದು ಮೂಸಿ, ಆರುತ್ತ ಬಂದಂತೆ ಮತ್ತೆ ಮತ್ತೆ ಹೀರಿ ನೋಡುತ್ತಾರೆ. ನೂರಕ್ಕೆ 80 ಅಥವಾ ಹೆಚ್ಚು ಅಂಕ ಬಂದರೆ ಅದು ಸ್ಪೆಷಾಲ್ಟಿ, ಅಂದರೆ ಮೇಲ್ದರ್ಜೆಯ, ಕಾಫಿ. ಹಾಲು, ಸಕ್ಕರೆ ಇಲ್ಲದೆ ನಮ್ಮದೇ ತೋಟದ ಕಾಫಿಯನ್ನು ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿ ಕುಡಿದೆ. ಎಸ್. 795ರ ಒಂದು ಲಾಟ್ 82 ಅಂಕ ಪಡೆಯಿತು. ಚಂದ್ರಗಿರಿಯದು 79ಕ್ಕೆ ನಿಂತಿತು.

ಆ 79ರ ಬಗ್ಗೆ ಅವರು ಕೇಳಿದ ಪ್ರಶ್ನೆಗಳಿಗೆ ನಾವು ಸಿದ್ಧರಾಗಿರಲಿಲ್ಲ. ಕಣದಲ್ಲಿ ಪದರ ಎಷ್ಟು ದಪ್ಪವಿತ್ತು, ಮಧ್ಯಾಹ್ನದ ಬಿಸಿಲಿಗೆ ಮುಚ್ಚಿದ್ದಿರಾ, ರಾತ್ರಿ ಇಬ್ಬನಿಗೆ ಏನು ಮಾಡಿದಿರಿ, ಹುದುಗು ಬರಲು ಎಷ್ಟು ಗಂಟೆ ಬಿಟ್ಟಿರಿ ಎಂದು ಅವರು ಒಂದೊಂದಾಗಿ ಕೇಳಿದರು. ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಲೆಕ್ಕ ಬರೆಯುವ ನಾನು ಅಲ್ಲಿ ಕುಳಿತಿದ್ದೆವು, ನಮ್ಮಲ್ಲಿ ಒಬ್ಬರಿಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಡಿಸೆಂಬರ್, ಜನವರಿ ಪೂರ್ತಿ ಕಣ ನೋಡಿಕೊಂಡ ನಮ್ಮ ಗುಂಪಿನ ಹಿರಿಯ ಅಕ್ಕನಿಗೆ. ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. “ಎರಡು ರಾತ್ರಿ ಟಾರ್ಪಾಲ್ ಸಾಲಲಿಲ್ಲ, ಅಂಚಿನ ಕಾಫಿ ಇಬ್ಬನಿಗೆ ನೆಂದಿತ್ತು, ನಿಮಗೆ ಆಗಲೇ ಹೇಳಿದ್ದೆನಲ್ಲ” ಎಂದರು. ಅದನ್ನು ಹಿಂದಿಯಲ್ಲಿ ತಿಳಿಸಿದಾಗ ಎದುರಿಗಿದ್ದವರು ತಲೆಯಾಡಿಸಿ ಬರೆದುಕೊಂಡರು.

ಪ್ರವಾಸದ ಫಲವಾಗಿ 82 ಅಂಕದ ಲಾಟಿನಿಂದ ಆರು ಚೀಲಕ್ಕೆ ಒಬ್ಬರು ಬೇಡಿಕೆ ಕೊಟ್ಟಿದ್ದಾರೆ. ಅರ್ಧ ಹಣ ಮುಂಗಡವಾಗಿ ಬಂದಿದೆ, ಉಳಿದದ್ದು ಬೀಜ ತಲುಪಿದ ಹದಿನೈದು ದಿನಕ್ಕೆ. ಬಿಲ್ ಕೊಡಲು ನೋಂದಾಯಿತ ಸಂಸ್ಥೆ ಬೇಕಾದ್ದರಿಂದ, ಹತ್ತು ಬೆಳೆಗಾರರಿದ್ದರೆ ಸ್ಥಾಪಿಸಬಹುದಾದ ಉತ್ಪಾದಕರ ಕಂಪನಿಗೆ ಅರ್ಜಿ ಹಾಕುತ್ತಿದ್ದೇವೆ. ಈ ಕೆಲಸವನ್ನು ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಮುಂಗಡದಲ್ಲಿ ಮೊದಲು ಕೊಂಡದ್ದು ನಾಲ್ಕು ಹೊಸ ಟಾರ್ಪಾಲ್. ಮುಂದಿನ ಫೆಬ್ರವರಿಯ ಮತ್ಸ್ಯಗಂಧಕ್ಕೆ ಮೂರು ಟಿಕೆಟ್ ಕಾಯ್ದಿರಿಸುವಾಗ ಅದರಲ್ಲಿ ಒಂದು ಆ ಅಕ್ಕನ ಹೆಸರಿನಲ್ಲಿರಬೇಕೆಂದು ಸಭೆಯಲ್ಲಿ ತೀರ್ಮಾನವಾಗಿದೆ. ನನ್ನ ಜಾಗವನ್ನು ಅವರಿಗೆ ಬಿಟ್ಟುಕೊಟ್ಟಿದ್ದೇನೆ.