ಒದ್ದೆ ಗಾಜಿನ ಸಂತೆ

ಬಸ್ಸು ಇಳಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಹಳೇ ಸಾಮಾನಿನ ಸಂತೆಗೆ ಹೀಗೇ ಹೋಗಬೇಕು, ಬಿಸಿಲೇರಿದ ಮೇಲೆ ಹೋದರೆ ವ್ಯಾಪಾರಿಗಳೇ ಒಳ್ಳೇದನ್ನೆಲ್ಲ ಆರಿಸಿಕೊಂಡು ಹೋಗಿರುತ್ತಾರೆ. ರಾತ್ರಿಯೆಲ್ಲ ಮಳೆ ಸುರಿದು ಮೈದಾನ ಕೆಸರಾಗಿತ್ತು. ಟಾರ್ಪಾಲಿನ ಮೇಲೆ ಹರಡಿದ್ದ ಗಾಜೆಲ್ಲ ಒದ್ದೆ, ಟಾರ್ಚ್ ಬೆಳಕಿಗೆ ಥಳಥಳ ಹೊಳೆಯುತ್ತಿತ್ತು. ಆ ಹೊಳಪೇ ನನಗೆ ಟೋಪಿ ಹಾಕಿತು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಹೋಗಿದ್ದು ಸೋಡಾ ಬಾಟಲಿಗೆ. ಹಳೇ ಬಾಟಲಿ ಕೈಗೆ ಸಿಕ್ಕರೆ ಮೊದಲು ನೋಡುವುದು ಅದರ ಮೇಲಿನ ಹೆಸರಲ್ಲ, ಕುತ್ತಿಗೆ. ಅಚ್ಚಿನ ಎರಡು ಭಾಗ ಸೇರಿದ ಕಡೆ ಸಣ್ಣ ಗೆರೆ ಇರುತ್ತದೆ. ಉಗುರಿನಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತಾ ಹೋದರೆ, ಮನುಷ್ಯರೇ ಊದಿ ಮಾಡಿದ್ದರಲ್ಲಿ ಅದು ಬಾಯಿ ಮುಟ್ಟುವ ಮೊದಲೇ ಮಾಯವಾಗುತ್ತದೆ, ಯಾಕಂದ್ರೆ ಬಾಯಿಯ ಅಂಚನ್ನು ಕೊನೆಗೆ ಬೇರೆ ಉಪಕರಣ ಇಟ್ಟು ತಿದ್ದಿರುತ್ತಾರೆ. ಯಂತ್ರದ್ದಾದರೆ ಗೆರೆ ತುದಿಯವರೆಗೂ ಇರುತ್ತದೆ. 1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ರೂಪಿಸಿದ ಬಾಟಲಿ ಮಾಡುವ ಯಂತ್ರ ಬಂದ ಮೇಲೆ ಊದುವವರ ಕೆಲಸ ನಿಧಾನಕ್ಕೆ ಮೂಲೆ ಸೇರಿತು.

ಮೊದಲ ಸಾಲಿನಲ್ಲಿ ಒಬ್ಬ ಕೋಕಾ ಕೋಲಾ ಬಾಟಲಿ ಹಿಡಿದು, ನೋಡಿ 1915ನೇ ಇಸವಿಯದು, ಇಲ್ಲೇ ಬರೆದಿದೆ ಅಂದ. ಬರೆದಿತ್ತು ನಿಜ. ಆದರೆ ನವೆಂಬರ್ 16, 1915 ಆ ಆಕಾರದ ಪೇಟೆಂಟಿನ ತಾರೀಖು, ಅದನ್ನು ಹೊತ್ತ ಬಾಟಲಿಗಳು ಆಮೇಲೂ ಎಷ್ಟೋ ವರ್ಷ ತಯಾರಾದವು. ವಾದ ಮಾಡಲಿಲ್ಲ. ಬೆಳಗ್ಗೆ ಬೆಳಗ್ಗೆ ಯಾಕೆ ಸುಮ್ನೆ, ಅಲ್ವಾ?

ಮೂರನೇ ಸಾಲಿನ ಕೊನೆಯಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ಪಕ್ಕ, ಅದು ಬಿದ್ದಿತ್ತು. ಗೋಲಿ ಸೋಡಾ ಬಾಟಲಿ. ಎತ್ತಿದ ಕೂಡಲೇ ಒಳಗೆ ಟಿಣ್ ಅಂತು. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದಲ್ಲಿ ಪೇಟೆಂಟ್ ಪಡೆದ ಜಾಣತನ ಇದು: ಬಾಟಲಿಯನ್ನು ತಲೆಕೆಳಗಾಗಿ ತುಂಬಿಸುತ್ತಾರೆ, ಒಳಗಿನ ಗ್ಯಾಸೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುತ್ತಿಗೆಯ ಒಂದು ಮಗ್ಗುಲಲ್ಲಿ ಎರಡು ಗುಳಿ. ಅತ್ತ ಕಡೆ ಬಗ್ಗಿಸಿದರೆ ಗೋಲಿ ಅಲ್ಲಿ ಸಿಕ್ಕಿಕೊಂಡು ಸೋಡಾ ಸಲೀಸಾಗಿ ಬರುತ್ತದೆ, ಇತ್ತ ಬಗ್ಗಿಸಿದರೆ ಉರುಳಿ ಬಂದು ದಾರಿ ಮುಚ್ಚುತ್ತದೆ. ನನ್ನದರಲ್ಲಿ ರಬ್ಬರ್ ಇರಲಿಲ್ಲ, ಅದು ಕೂರುವ ಜಾಗದಲ್ಲಿ ಬರೀ ಕೆಸರು. ಗೋಲಿಗಾಗಿ ಮಕ್ಕಳು ಇಂಥವನ್ನು ಒಡೆಯುತ್ತಿದ್ದರು, ಹಾಗಾಗಿ ಇಡೀ ಬಾಟಲಿ ಸಿಕ್ಕರೆ ಖುಷಿ ಜಾಸ್ತಿ. ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟೆ.

ಆ ಖುಷಿಯಲ್ಲೇ ಹೂಜಿ ತಗೊಂಡಿದ್ದು. ತಿಳಿ ಗಾಜು, ಉದ್ದ ಕತ್ತು, ಮೈತುಂಬ ಮಳೆ ಹನಿ. ಒಂದು ಬಿರುಕಿಲ್ಲ. ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ವಾಪಸ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಗೋಲಿ ಟಿಣ್ ಟಿಣ್ ಅನ್ನುತ್ತಿತ್ತು, ಪಕ್ಕದ ಸೀಟಿನವರು ಮೂರು ಸಲ ಬ್ಯಾಗನ್ನೂ ಒಂದು ಸಲ ನನ್ನ ಮುಖವನ್ನೂ ನೋಡಿದರು.

ಮನೆಯಲ್ಲಿ ಟವೆಲ್ ಬಿಚ್ಚಿದರೆ ಹೂಜಿ ಒಣಗಿತ್ತು. ಒಳಮೈಯೆಲ್ಲ ಹಾಲು ಕದಡಿದ ಹಾಗೆ ಮಬ್ಬು. ಸುಣ್ಣದ ಕಲೆಯಿರಬೇಕು ಅಂತ ರಾತ್ರಿಯಿಡೀ ವಿನಿಗರ್ ತುಂಬಿಸಿಟ್ಟೆ, ಸುಣ್ಣವಾಗಿದ್ದರೆ ಕರಗಬೇಕಿತ್ತು. ಕರಗಲಿಲ್ಲ. ಇದು ಗಾಜಿನದೇ ಕಾಯಿಲೆ. ವರ್ಷಗಟ್ಟಲೆ ತೇವ ಕೂತು ಗಾಜಿನೊಳಗಿನ ಕ್ಷಾರ ಹೊರಬಂದು ಮೇಲ್ಮೈ ಹಾಳಾಗಿರುತ್ತದೆ, ಒದ್ದೆಯಾದಾಗ ಮಾತ್ರ ಮುಚ್ಚಿಹೋಗುತ್ತದೆ. ಒಂದು ಒಣ ಬಟ್ಟೆ ಜೇಬಿನಲ್ಲಿದ್ದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಈಗ ಅದರಲ್ಲಿ ನೀರು ತುಂಬಿಸಿ ಕಿಟಕಿಯಲ್ಲಿಟ್ಟಿದ್ದೇನೆ, ನೀರಿನಿಂದ ಕಾಯಿಲೆ ಹೆಚ್ಚುತ್ತದೆ ಅಂತ ಗೊತ್ತಿದ್ದೂ. ನೀರಿರುವಷ್ಟು ಎತ್ತರಕ್ಕೆ ಗಾಜು ತಿಳಿಯಾಗಿದೆ, ಅದರ ಮೇಲೆ ಎರಡು ಬೆರಳಷ್ಟು ಮಬ್ಬು ಹಾಗೇ ಇದೆ.